ಹೋಮಿಯೋಪತಿ ಜರ್ನಲ್‌ಗೆ ಕೇಸ್ ರಿಪೋರ್ಟ್ ಕಳಿಸ್ತೀರಾ? ನಿಮ್ಮನ್ನ ನಂಬದೇ ಇರೋ ಓದುಗರಿಗಾಗಿ ಬರೀರಿ

ಎಂಡಿ ಮಾಡ್ತಿರೋ ಪಿಜಿಗಳಿಗೆ ಗೈಡ್ ಕಡೆಯಿಂದ ತಪ್ಪದೇ ಬರೋ ಮಾತು "ಒಂದು ಪೇಪರ್ ಪಬ್ಲಿಶ್ ಮಾಡ್ಕೊಳ್ಳಿ" ಅನ್ನೋದು. ಯಾವ ಕೇಸು, ಯಾವ ಜರ್ನಲ್ಲು, ಬರೆಯೋದು ಎಲ್ಲಿಂದ ಶುರು ಮಾಡೋದು, ಇದನ್ನ ಕೂರಿಸಿಕೊಂಡು ಹೇಳಿಕೊಡೋರು ಕಮ್ಮಿ. ಒಳ್ಳೇ ಕೇಸ್ ಇರತ್ತೆ, ಮೊದಲಿನ ಫೋಟೋ ಆಮೇಲಿನ ಫೋಟೋ ಎರಡೂ ಇರತ್ತೆ, ರೋಗಿ ಖುಷಿಯಾಗಿದಾರೆ, ನಾಲ್ಕು ಪುಟ ಬರೆದು ಕಳಿಸ್ತಾರೆ, ಎಡಿಟರ್ ರಿವ್ಯೂಗೂ ಕಳಿಸದೆ ವಾಪಸ್ ಮಾಡ್ತಾರೆ. ಆಮೇಲೆ ಬೇಜಾರು, ಜರ್ನಲ್‌ನೋರಿಗೆ ನಮ್ಮಂಥ ಸಣ್ಣ ಕಾಲೇಜಿನೋರು ಬೇಡ ಅನ್ನೋ ಅನುಮಾನ. ವಾಪಸ್ ಬಂದ ಹಸ್ತಪ್ರತಿಗಳನ್ನ ತೆಗೆದು ನೋಡಿದ್ರೆ ಕಾರಣ ಬಹುತೇಕ ಅದಲ್ಲ. ಬರೆದೋರು ತಮ್ಮನ್ನ ಆಗಲೇ ನಂಬಿರೋರಿಗೆ ಬರೆದಿರ್ತಾರೆ. ಜರ್ನಲ್ ಓದೋರು ನಿಮ್ಮನ್ನ ನಂಬಿ ಓದಲ್ಲ, ನಂಬಬೇಕಾಗೂ ಇಲ್ಲ, ನೀವು ಬರೆದಿದ್ದನ್ನ ಹಿಡ್ಕೊಂಡು ತಾವೇ ಚೆಕ್ ಮಾಡೋಕಾಗಬೇಕು. ಹೋಮಿಯೋಪತಿ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ, ಯಾಕಂದ್ರೆ 2015ರಲ್ಲಿ ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಮಂಡಳಿ ಇದ್ದಬದ್ದ ಅಧ್ಯಯನಗಳನ್ನೆಲ್ಲ ನೋಡಿ, ಹೋಮಿಯೋಪತಿ ಪರಿಣಾಮಕಾರಿ ಅನ್ನೋದಕ್ಕೆ ಭರವಸೆ ಇಡಬಹುದಾದ ಪುರಾವೆ ಯಾವ ಕಾಯಿಲೆಗೂ ಸಿಕ್ಕಿಲ್ಲ ಅಂತ ಬರೆದಾಗಿದೆ. ಆ ವರದಿ ಬಗ್ಗೆ ನಮ್ಮೋರಿಗೆ ತಕರಾರು ಇದೆ, ಇರಲಿ, ಆದ್ರೆ ಅದನ್ನ ಓದಿರೋ ಮನುಷ್ಯನೇ ನಾಳೆ ನಿಮ್ಮ ಪೇಪರನ್ನೂ ಓದೋದು, ಇದನ್ನ ತಲೇಲಿ ಇಟ್ಕೊಂಡೇ ಪೆನ್ ಹಿಡೀಬೇಕು.

ಮೊದಲು ಎಲ್ಲಿಗೆ ಕಳಿಸೋದು ಅನ್ನೋದನ್ನ ಬೇಗ ಮುಗಿಸಿಬಿಡ್ತೀನಿ. ನಮ್ಮ ದೇಶದಲ್ಲಿ ಮೊದಲು ನೆನಪಾಗೋದು ದೆಹಲಿಯ ಕೇಂದ್ರೀಯ ಹೋಮಿಯೋಪತಿ ಸಂಶೋಧನಾ ಪರಿಷತ್ತು, ಅಂದ್ರೆ ಸಿಸಿಆರ್‌ಎಚ್, 2007ರಿಂದ ತರ್ತಿರೋ ಇಂಡಿಯನ್ ಜರ್ನಲ್ ಆಫ್ ರಿಸರ್ಚ್ ಇನ್ ಹೋಮಿಯೋಪತಿ. ಹೊರಗಡೆ ಲಂಡನ್ನಿನ ಫ್ಯಾಕಲ್ಟಿ ಆಫ್ ಹೋಮಿಯೋಪತಿಯ ಜರ್ನಲ್ 'ಹೋಮಿಯೋಪತಿ', 1911ರಲ್ಲಿ ಬ್ರಿಟಿಷ್ ಹೋಮಿಯೋಪತಿಕ್ ಜರ್ನಲ್ ಅನ್ನೋ ಹೆಸರಲ್ಲಿ ಶುರುವಾಗಿದ್ದು, ಈಗ ಥೀಮ್ ಅನ್ನೋ ಪ್ರಕಾಶಕರ ಕೈಲಿದೆ. ಇವೆರಡರಲ್ಲಿ ಬಂದಿರೋ ಕೇಸ್ ರಿಪೋರ್ಟ್‌ಗಳನ್ನ ಒಂದಷ್ಟು ಓದಿ ಆಮೇಲೆ ಬರೆಯೋಕೆ ಕೂತ್ರೆ ಅರ್ಧ ಕೆಲಸ ಆದ ಹಾಗೆ. ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್ಲಿನ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖ ಆಗಿವೆ ಅನ್ನೋ ಅಂಕಿ) ನೋಡಿ ಮರುಳಾಗಬೇಡಿ, ಲಂಡನ್ನಿನ ಆ ಜರ್ನಲ್ಲಿಗೇ 2016ರಲ್ಲಿ ತನ್ನದೇ ಲೇಖನಗಳನ್ನ ತಾನೇ ಅತಿಯಾಗಿ ಉಲ್ಲೇಖಿಸಿಕೊಂಡಿದೆ ಅನ್ನೋ ಕಾರಣಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರನ್ನ ತಡೆ ಹಿಡಿದಿದ್ರು. ಇನ್ನು "ನಿಮ್ಮ ಅಮೂಲ್ಯ ಲೇಖನ ಕಳಿಸಿ, 3 ದಿನದಲ್ಲಿ ಪಬ್ಲಿಶ್" ಅಂತ ಮೇಲ್ ಮಾಡಿ ದುಡ್ಡು ಕೇಳೋ ಜರ್ನಲ್‌ಗಳಿವೆಯಲ್ಲ, ಅವುಗಳ ಹತ್ರ ಹೋಗಲೇಬೇಡಿ. 3 ದಿನದಲ್ಲಿ ಯಾರೂ ಸರಿಯಾಗಿ ರಿವ್ಯೂ ಮಾಡೋಕಾಗಲ್ಲ. ಯುಜಿಸಿ-ಕೇರ್ ಪಟ್ಟಿ (ವಿಶ್ವವಿದ್ಯಾಲಯ ಅನುದಾನ ಆಯೋಗ ಒಪ್ಪಿದ ಜರ್ನಲ್‌ಗಳ ಪಟ್ಟಿ) ನೋಡಿ ನಿರ್ಧರಿಸೋ ಅಭ್ಯಾಸ ಇತ್ತು, 2025ರಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸ್ತು, ಹಾಗಾಗಿ ಈಗ ನೀವೇ ನೋಡ್ಕೋಬೇಕು: ಸಂಪಾದಕ ಮಂಡಳಿಯಲ್ಲಿ ಇರೋರು ನಿಜವಾದ ಮನುಷ್ಯರಾ, ಸ್ಕೋಪಸ್‌ನಲ್ಲೋ ಡಿಒಎಜೆಯಲ್ಲೋ (ಜರ್ನಲ್‌ಗಳನ್ನ ಪರಿಶೀಲಿಸಿ ಸೇರಿಸೋ ಪಟ್ಟಿಗಳು) ಹೆಸರಿದೆಯಾ, ಹಳೇ ಸಂಚಿಕೆಗಳು ತೆರೀತವಾ, ಫೀಸ್ ಎಷ್ಟು ಅಂತ ಮೊದಲೇ ಹೇಳಿದಾರಾ.

ಈಗ ಅಸಲಿ ವಿಷಯ. ನಾನೇ ಉದಾಹರಣೆಗೆ ಅಂತ ಕಟ್ಟಿದ ಒಂದು ಸಾಲು ತಗೊಳ್ಳೋಣ, ಇದೇ ಥರದ್ದು ಹತ್ತಾರು ಹಸ್ತಪ್ರತಿಯಲ್ಲಿ ಸಿಗತ್ತೆ:

"9 ವರ್ಷದ ಬಾಲಕನ ಕೈ ಮೇಲೆ ನರಹುಲಿ ಇತ್ತು, ಥೂಜಾ 200 ಕೊಡಲಾಯಿತು, ಎರಡು ತಿಂಗಳಲ್ಲಿ ಸಂಪೂರ್ಣ ಗುಣವಾಯಿತು."

ಕ್ಲಿನಿಕ್‌ನಲ್ಲಿ ಸ್ನೇಹಿತರಿಗೆ ಹೇಳೋಕೆ ಇದು ಸಾಕು. ಜರ್ನಲ್‌ಗೆ ಇದರಲ್ಲಿ ಏನೂ ಇಲ್ಲ. ಥೂಜಾ ಅನ್ನೋದು ಔಷಧಿ, 200 ಅದರ ಪೊಟೆನ್ಸಿ, ಅಂದ್ರೆ ಎಷ್ಟು ಸಲ ತೆಳು ಮಾಡಿದ್ದು ಅನ್ನೋ ಅಳತೆ. ಮೊದಲು ಈ 200 ಅನ್ನೋದು. ನಮ್ಮಲ್ಲಿ 200 ಅಂದ್ರೆ 200ಸಿ ಅಂತ ಎಲ್ರಿಗೂ ಗೊತ್ತು, ಅಂದ್ರೆ ಒಂದಕ್ಕೆ ನೂರರ ಲೆಕ್ಕದಲ್ಲಿ ಇನ್ನೂರು ಸಲ ತೆಳು ಮಾಡಿ ಕುಲುಕಿದ್ದು, ಆದ್ರೆ ಎಕ್ಸ್ ಅಳತೆಯಲ್ಲಿ ಒಂದಕ್ಕೆ ಹತ್ತು, ಎಲ್‌ಎಂ ಅಳತೆಯಲ್ಲಿ ಒಂದಕ್ಕೆ 50,000, ಅದೂ ಅಲ್ಲದೆ ಕೆಲವು ದೇಶಗಳಲ್ಲಿ ಹೋಮಿಯೋಪತಿಯ ಸ್ಥಾಪಕ ಹಾನೆಮನ್ ಪದ್ಧತಿಯಲ್ಲಿ ಪ್ರತಿ ಸಲ ಹೊಸ ಬಾಟಲಿಯಲ್ಲಿ ಮಾಡಿದ್ದು ಬೇರೆ, ಕೊರ್ಸಾಕೋವ್ ಪದ್ಧತಿಯಲ್ಲಿ ಒಂದೇ ಬಾಟಲಿಯಲ್ಲಿ ಮಾಡಿದ್ದು ಬೇರೆ ಅಂತ ನಮೂದಿಸ್ತಾರೆ. ಬೇರೆ ದೇಶದಲ್ಲಿ ಕೂತು ಓದೋರಿಗೆ ನಿಮ್ಮ "200" ಅರ್ಧ ಮಾಹಿತಿ. ಯಾವ ಕಂಪನಿ ತಯಾರಿಸಿದ್ದು, ಬ್ಯಾಚ್ ನಂಬರ್ ಏನು, ಯಾವ ಫಾರ್ಮಕೋಪಿಯಾ, ಅಂದ್ರೆ ಔಷಧಿ ತಯಾರಿಕೆಯ ಅಧಿಕೃತ ಗ್ರಂಥ, ಅದರ ಪ್ರಕಾರ ತಯಾರಾಗಿದ್ದು (ನಮ್ಮ ಭಾರತೀಯ ಹೋಮಿಯೋಪತಿ ಫಾರ್ಮಕೋಪಿಯಾದ ಮೊದಲ ಸಂಪುಟ 1971ರಲ್ಲೇ ಬಂದಿದೆ), ಗುಳಿಗೆ ಯಾವ ಸೈಜು, ಎಷ್ಟು ಗುಳಿಗೆ, ನಾಲಿಗೆ ಮೇಲೆ ಹಾಕಿದ್ದಾ ನೀರಲ್ಲಿ ಕದಡಿ ಕೊಟ್ಟಿದ್ದಾ, ಎಷ್ಟು ಸಲ, ಯಾವ್ಯಾವ ದಿನ, ಮಧ್ಯದಲ್ಲಿ ಸ್ಯಾಕ್ ಲ್ಯಾಕ್ (ಔಷಧಿ ಇಲ್ಲದ ಬರೀ ಹಾಲಿನ ಸಕ್ಕರೆ) ಕೊಟ್ಟಿದ್ರೆ ಅದೂ ಬೇಕು. ಇದೆಲ್ಲ ಬರೆಯುವಾಗ ನೆನಪು ಮಾಡ್ಕೊಂಡು ಬರೆಯೋಕಾಗಲ್ಲ. ಬ್ಯಾಚ್ ನಂಬರ್ ಅವತ್ತೇ ಕೇಸ್ ಶೀಟ್‌ನಲ್ಲಿ ಬರ್ಕೊಂಡಿದ್ರೆ ಇರತ್ತೆ, ಇಲ್ಲಾಂದ್ರೆ ಇಲ್ಲ, ಬಾಟಲಿ ಖಾಲಿಯಾಗಿ ಬಿಸಾಡಿರ್ತೀರಿ.

ಎರಡನೇದು, ಇದೇ ದೊಡ್ಡದು. ಮಕ್ಕಳ ನರಹುಲಿ ಔಷಧಿ ಇಲ್ಲದೆಯೂ ಹೋಗತ್ತೆ. ಎರಡು ವರ್ಷದೊಳಗೆ ಸುಮಾರು ಮೂರರಲ್ಲಿ ಎರಡು ಪಾಲು ತಾನಾಗೇ ಮಾಯ ಆಗತ್ತೆ ಅಂತ ಚರ್ಮರೋಗದ ಪುಸ್ತಕಗಳಲ್ಲೇ ಇದೆ. ಹಾಗಾದ್ರೆ ಈ ಹುಡುಗನಿಗೆ ನರಹುಲಿ ಬಂದು ಎಷ್ಟು ದಿನ ಆಗಿತ್ತು? 20 ತಿಂಗಳಿಂದ ಇದ್ದದ್ದು ಎರಡು ತಿಂಗಳಲ್ಲಿ ಹೋಯ್ತು ಅಂದ್ರೆ, ಅದು ಹೋಗೋ ಸಮಯ ಬಂದಿತ್ತು ಅಂತ ಓದುಗ ಹೇಳ್ತಾನೆ, ಹಾಗೆ ಹೇಳೋದು ತಪ್ಪೂ ಅಲ್ಲ. ಮೆಡಿಕಲ್ ಶಾಪಿಂದ ಸ್ಯಾಲಿಸಿಲಿಕ್ ಆಸಿಡ್ ತಂದು ಹಚ್ಚಿದ್ರಾ, ಅಜ್ಜಿ ಸುಣ್ಣ ಹಚ್ಚಿದ್ರಾ, ಹುಡುಗ ಕಿತ್ತು ಕಿತ್ತು ಹಾಕ್ತಿದ್ನಾ, ಇದನ್ನ ಕೇಳಿರಬೇಕು, ಕೇಳಿದ್ದನ್ನ ಬರೆದಿರಬೇಕು, ಏನೂ ಹಚ್ಚಿರಲಿಲ್ಲ ಅಂದ್ರೂ ಅದನ್ನೂ ಬರೆದಿರಬೇಕು. ಇಂಥ ಪ್ರಶ್ನೆ ಕೇಳಿದ್ರೆ ನಮ್ಮ ಕೇಸ್ ದುರ್ಬಲ ಆಗತ್ತೆ ಅಂತ ಕೆಲವರು ಹೆದರ್ತಾರೆ. ಬಿಟ್ಟು ಕಳಿಸಿದ್ರೆ ರಿವ್ಯೂವರ್ ಮೊದಲ ಓದಿನಲ್ಲೇ ಅದನ್ನ ಹಿಡೀತಾರೆ, ಆಮೇಲೆ ಉಳಿದಿದ್ದನ್ನೂ ಅನುಮಾನದಿಂದಲೇ ಓದ್ತಾರೆ.

ಈ ಪ್ರಶ್ನೆಗಳನ್ನೇ ಕ್ರಮವಾಗಿ ಕೇಳೋಕೆ ಒಂದು ಸಾಧನ ಇದೆ, ಮೊನಾರ್ಕ್ ಅಂತ. ಔಷಧಿಯ ಅಡ್ಡಪರಿಣಾಮ ಆ ಔಷಧಿಯಿಂದಲೇ ಆಯ್ತಾ ಅಂತ ತೂಗೋಕೆ 1981ರಲ್ಲಿ ನರಾಂಜೋ ಅನ್ನೋರ ತಂಡ ಒಂದು ಮಾನದಂಡ ಮಾಡಿತ್ತು, ಅದನ್ನೇ ತಿರುಗಿಸಿ, ಸುಧಾರಣೆಗೂ ಹೋಮಿಯೋಪತಿ ಔಷಧಿಗೂ ಸಂಬಂಧ ಎಷ್ಟರ ಮಟ್ಟಿಗೆ ಅನ್ನೋದಕ್ಕೆ ಹೊಂದಿಸ್ಕೊಂಡಿದ್ದು ಇದು. ಹತ್ತು ಪ್ರಶ್ನೆ, ಒಟ್ಟು ಅಂಕ ಮೈನಸ್ 6ರಿಂದ ಪ್ಲಸ್ 13ರವರೆಗೆ. ಮುಖ್ಯ ತೊಂದರೆ ಸುಧಾರಿಸ್ತಾ, ಔಷಧಿ ಕೊಟ್ಟ ಮೇಲೆ ತಕ್ಕ ಸಮಯದಲ್ಲೇ ಸುಧಾರಿಸ್ತಾ, ಹಳೇ ಲಕ್ಷಣ ಮರಳಿ ಬಂತಾ, ಒಟ್ಟಾರೆ ಆರೋಗ್ಯ ಹೇಗಿದೆ, ಹೀಗೆ. ಅದರ ಎಂಟನೇ ಪ್ರಶ್ನೆ, ಸುಧಾರಣೆಗೆ ಔಷಧಿ ಬಿಟ್ಟು ಬೇರೆ ಬಲವಾದ ಕಾರಣ ಇರೋ ಸಾಧ್ಯತೆ ಇದೆಯಾ ಅನ್ನೋದು. ಹೌದು ಅಂದ್ರೆ ಮೈನಸ್ 3, ಇಲ್ಲ ಅಂದ್ರೆ ಪ್ಲಸ್ 1. ಬರೆಯೋರು ಕಣ್ಣು ಮುಚ್ಕೊಂಡು ಇಲ್ಲಿ ಪ್ಲಸ್ 1 ಹಾಕ್ಬಿಡ್ತಾರೆ. ತಾನಾಗೇ ಹೋಗೋ ನರಹುಲಿಗೆ ಪ್ಲಸ್ 1 ಹಾಕಿದ್ರೆ ಉಳಿದ ಒಂಬತ್ತು ಅಂಕಗಳೂ ಬೆಲೆ ಕಳ್ಕೊಳ್ತವೆ. ಮೈನಸ್ 3 ಹಾಕಿ, ಯಾಕೆ ಹಾಕಿದ್ವಿ ಅಂತ ಎರಡು ಸಾಲು ಬರೆದ್ರೆ ಒಟ್ಟು ಅಂಕ ಕಮ್ಮಿ ಆಗತ್ತೆ, ನಿಮ್ಮ ಮೇಲಿನ ನಂಬಿಕೆ ಜಾಸ್ತಿ ಆಗತ್ತೆ. ಒಂಬತ್ತನೇ ಪ್ರಶ್ನೆ ಕಣ್ಣಿಗೆ ಕಾಣೋ, ಅಳೆಯೋಕಾಗೋ ಪುರಾವೆ ಇದೆಯಾ ಅಂತ, ಅದಕ್ಕೆ ಪ್ಲಸ್ 2. ಫೋಟೋ ಇಲ್ಲಿ ಉಪಯೋಗಕ್ಕೆ ಬರೋದು, ಆದ್ರೆ ಎಂಥ ಫೋಟೋ? ಮೊದಲನೇದು ಟ್ಯೂಬ್‌ಲೈಟ್ ಕೆಳಗೆ ಹತ್ತಿರದಿಂದ, ಎರಡನೇದು ಬಿಸಿಲಲ್ಲಿ ದೂರದಿಂದ ತೆಗೆದಿದ್ರೆ ಯಾವುದನ್ನ ಯಾವುದಕ್ಕೆ ಹೋಲಿಸೋದು. ಒಂದೇ ದೂರ, ಒಂದೇ ಬೆಳಕು, ಪಕ್ಕದಲ್ಲಿ ಒಂದು ಸ್ಕೇಲ್, ಪ್ರತಿ ಫೋಟೋಗೂ ತಾರೀಖು.

ಇಷ್ಟೆಲ್ಲ ಆದ ಮೇಲೆ ಆ ಸಾಲು ಹೇಗೆ ಬರಬಹುದು ನೋಡಿ, ಇದೂ ನಾನು ಕಟ್ಟಿದ್ದೇ, ಕಂಪನಿ ಮತ್ತು ಬ್ಯಾಚ್ ನಂಬರ್ ಇಲ್ಲಿ ಬಿಟ್ಟಿದೀನಿ, ನಿಮ್ಮದರಲ್ಲಿ ಸೇರಿಸಿ:

"9 ವರ್ಷದ ಬಾಲಕ. ಬಲಗೈ ಹಿಂಭಾಗದಲ್ಲಿ 7 ತಿಂಗಳಿಂದ 4 ನರಹುಲಿ, ದೊಡ್ಡದು 6 ಮಿಮೀ. ಹಿಂದಿನ ಮೂರು ತಿಂಗಳಲ್ಲಿ ಬೇರೆ ಚಿಕಿತ್ಸೆ ಇಲ್ಲ ಎಂದು ತಾಯಿ ಹೇಳಿದರು. ಥೂಜಾ ಆಕ್ಸಿಡೆಂಟಾಲಿಸ್ 200ಸಿ, 30 ನಂಬರ್‌ನ 4 ಗುಳಿಗೆ, ಒಂದು ಸಲ. 4ನೇ ವಾರ: ಸಂಖ್ಯೆ 4, ದೊಡ್ಡದು 4 ಮಿಮೀ. 9ನೇ ವಾರ: ಒಂದೂ ಇಲ್ಲ. 6 ತಿಂಗಳ ನಂತರದ ಭೇಟಿಯಲ್ಲೂ ಮರಳಿರಲಿಲ್ಲ. ಈ ವಯಸ್ಸಿನಲ್ಲಿ ನರಹುಲಿ ತಾನಾಗಿಯೇ ಹೋಗುವ ಸಾಧ್ಯತೆ ಇರುವುದರಿಂದ ಔಷಧಿಯ ಪಾತ್ರವನ್ನು ಈ ಒಂದು ಪ್ರಕರಣದಿಂದ ನಿರ್ಧರಿಸಲಾಗದು."

ಕೊನೇ ವಾಕ್ಯ ಬರೆಯೋಕೆ ಮನಸ್ಸು ಬರಲ್ಲ, ಗೊತ್ತು. ಒಂದೇ ಒಂದು ಕೇಸ್ ಇಟ್ಕೊಂಡು ಔಷಧಿಯಿಂದಲೇ ವಾಸಿಯಾಯ್ತು ಅಂತ ಯಾವ ವೈದ್ಯಪದ್ಧತಿಯೋರೂ ಸಾಬೀತು ಮಾಡೋಕಾಗಲ್ಲ, ಔಷಧಿ ಕೊಟ್ಟ ಮೇಲೆ ಇಷ್ಟು ವಾರಕ್ಕೆ ಹೀಗಾಯ್ತು ಅಂತ ಮಾತ್ರ ಹೇಳಬಹುದು. ಹಾಗಾದ್ರೆ ಇಷ್ಟು ಕಷ್ಟಪಟ್ಟು ಕೇಸ್ ರಿಪೋರ್ಟ್ ಯಾಕೆ ಬರೀಬೇಕು ಅಂತ ಕೇಳಬಹುದು. ಅಪರೂಪದ ಕಾಯಿಲೆ, ತಾನಾಗಿ ವಾಸಿಯಾಗದೇ ಇರೋ ಕಾಯಿಲೆ, ಔಷಧಿ ಕೊಟ್ಟ ಮೇಲೆ ಕೆಟ್ಟದ್ದಾಗಿದ್ದು, ಅಂದುಕೊಂಡ ಹಾಗೆ ಕೆಲಸ ಮಾಡದೇ ಇದ್ದದ್ದು, ಇಂಥವಕ್ಕೆ ಕೇಸ್ ರಿಪೋರ್ಟ್ ನಿಜವಾಗಲೂ ಉಪಯೋಗ. ಹಾಗಾಗಿ ನರಹುಲಿ ಕೇಸನ್ನ ಕಲಿಯೋಕೆ ಅಂತ ಬರೀರಿ, ಕಳಿಸೋಕೆ ಅದಕ್ಕಿಂತ ಗಟ್ಟಿ ಕೇಸ್ ಹುಡುಕಿ. ಫೇಲ್ ಆದ ಕೇಸ್ ಬರೆಯೋರು ನಮ್ಮಲ್ಲಿ ತೀರ ಕಮ್ಮಿ, ಇದು ನನಗೆ ನಿಜಕ್ಕೂ ಸಂಕಟದ ವಿಷಯ. 1880ರಲ್ಲೇ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಔಷಧಿ ಕೊಡೋಕೆ ಶುರು ಮಾಡಿದ ರಾಜ್ಯ ನಮ್ಮದು, ಇಷ್ಟು ವರ್ಷದ ಅನುಭವದಲ್ಲಿ ಕೆಲಸ ಮಾಡದೇ ಇದ್ದ ಪ್ರಿಸ್ಕ್ರಿಪ್ಶನ್‌ಗಳನ್ನೂ ಸರಿಯಾಗಿ ಬರೆದಿಟ್ರೆ ಮುಂದಿನೋರಿಗೆ ಎಷ್ಟು ಸಹಾಯ.

ಬರೆಯೋ ಚೌಕಟ್ಟಿಗೆ ತಲೆ ಕೆಡಿಸ್ಕೋಬೇಡಿ, ಆಗಲೇ ಇದೆ. ಎಲ್ಲ ವೈದ್ಯಪದ್ಧತಿಗೂ ಸೇರಿ 2013ರಲ್ಲಿ ಬಂದ ಕೇರ್ ಮಾರ್ಗಸೂಚಿ (ಯುಜಿಸಿ-ಕೇರ್ ಪಟ್ಟಿಗೂ ಇದಕ್ಕೂ ಸಂಬಂಧ ಇಲ್ಲ), ಅದಕ್ಕೆ ಹೋಮಿಯೋಪತಿಗೇ ಅಂತ 2016ರಲ್ಲಿ ಸೇರಿಸಿದ ಹೋಮ್-ಕೇಸ್ ಅನುಬಂಧ. ಚೆಕ್‌ಲಿಸ್ಟ್ ಪ್ರಿಂಟ್ ತಗೊಂಡು ಕೇಸ್ ಟೇಕಿಂಗ್ ಮಾಡೋ ಟೇಬಲ್ ಮೇಲೇ ಇಟ್ಕೊಳ್ಳಿ, ಯಾಕಂದ್ರೆ ಅದರಲ್ಲಿ ಕೇಳಿರೋದರಲ್ಲಿ ಅರ್ಧ ರೋಗಿ ಎದುರಿಗೆ ಇದ್ದಾಗಲೇ ಸಿಗೋದು. ರೆಪರ್ಟರೈಸೇಶನ್, ಅಂದ್ರೆ ಲಕ್ಷಣಗಳ ಸೂಚಿ ನೋಡಿ ಔಷಧಿ ಹುಡುಕಿದ್ದನ್ನ, ಬರೆಯುವಾಗ ಯಾವ ರೆಪರ್ಟರಿ (ಆ ಸೂಚಿಯ ಪುಸ್ತಕ), ಯಾವ ಸಾಫ್ಟ್‌ವೇರ್, ಯಾವ ವರ್ಶನ್, ಯಾವ ರೂಬ್ರಿಕ್ (ಸೂಚಿಯಲ್ಲಿನ ಲಕ್ಷಣದ ನಮೂದು), ಚಾರ್ಟ್‌ನಲ್ಲಿ ಮೇಲೆ ಬಂದ ಔಷಧಿ ಬಿಟ್ಟು ಬೇರೇದು ಕೊಟ್ಟಿದ್ರೆ ಯಾಕೆ ಕೊಟ್ರಿ, ಎಲ್ಲ ಬರೀರಿ. ಬರೀ ಸ್ಕ್ರೀನ್‌ಶಾಟ್ ಹಾಕಿ ಕೈ ತೊಳ್ಕೊಂಡ್ರೆ ನಿಮ್ಮ ಯೋಚನೆ ಹೇಗೆ ಸಾಗ್ತು ಅಂತ ಓದುಗನಿಗೆ ಗೊತ್ತಾಗಲ್ಲ.

ಸಮ್ಮತಿ ಪತ್ರದ ವಿಷಯ ಎಷ್ಟು ಹೇಳಿದ್ರೂ ಕಮ್ಮಿ. ಚಿಕಿತ್ಸೆಗೆ ಒಪ್ಪಿ ಸಹಿ ಹಾಕಿದ್ದು ಬೇರೆ, ತನ್ನ ಕಥೆ ಮತ್ತು ಫೋಟೋ ಜಗತ್ತೆಲ್ಲ ಓದೋ ಕಡೆ ಹಾಕೋಕೆ ಒಪ್ಪೋದು ಬೇರೆ. ಎರಡನೇದಕ್ಕೆ ಪ್ರತ್ಯೇಕ ಪತ್ರ ಬೇಕು, ರೋಗಿಗೆ ಗೊತ್ತಿರೋ ಭಾಷೆಯಲ್ಲಿ ಬೇಕು. ಹಾವೇರಿ ಕಡೆಯಿಂದ ಬಂದ ರೈತರ ಕೈಲಿ ಇಂಗ್ಲಿಷ್ ಫಾರ್ಮ್‌ಗೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ ಅದು ಒಪ್ಪಿಗೆ ಅನ್ನಿಸ್ಕೊಳಲ್ಲ. "ಅಣ್ಣಾ, ನಿಮ್ಮ ಹೆಸರು ಹಾಕಲ್ಲ, ಆದ್ರೂ ಊರಿನೋರು ಯಾರಾದ್ರೂ ನೋಡಿ ಗುರುತು ಹಿಡೀಬಹುದು, ಇಂಟರ್ನೆಟ್‌ಗೆ ಒಂದು ಸಲ ಹೋದ್ರೆ ವಾಪಸ್ ತೆಗೆಯೋದು ಕಷ್ಟ, ಬೇಡ ಅಂದ್ರೂ ಚಿಕಿತ್ಸೆ ನಿಲ್ಲಲ್ಲ" ಅಂತ ಬಾಯಲ್ಲಿ ಬಿಡಿಸಿ ಹೇಳಿ, ಆಮೇಲೆ ಸಹಿ. ಮಕ್ಕಳಾದ್ರೆ ಅಪ್ಪ-ಅಮ್ಮನ ಸಹಿ, ಜೊತೆಗೆ ಮಗುವನ್ನೂ ಕೇಳಿ. ಮುಖದ ಫೋಟೋದಲ್ಲಿ ಕಣ್ಣಿಗೆ ಕಪ್ಪು ಪಟ್ಟಿ ಹಾಕಿದ್ರೆ ಸಾಕು ಅನ್ನೋದು ಹಳೇ ಅಭ್ಯಾಸ, ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ, ಅಂದ್ರೆ ಐಸಿಎಂಜೆಇ, ಅದು ಸಾಲದು ಅಂತಲೇ ಹೇಳತ್ತೆ. ಎಕ್ಸ್‌ರೇ, ಲ್ಯಾಬ್ ರಿಪೋರ್ಟ್ ಮೂಲೆಯಲ್ಲಿ ರೋಗಿ ಹೆಸರು, ಓಪಿ ನಂಬರ್ ಹಾಗೇ ಉಳಿದಿರತ್ತೆ, ಅದನ್ನ ಕ್ರಾಪ್ ಮಾಡಿ ತೆಗೀರಿ.

ಲೇಖಕರ ಪಟ್ಟಿಯಲ್ಲಿ ಯಾರ ಹೆಸರು ಹಾಕೋದು ಅನ್ನೋದು ಕಾಲೇಜುಗಳಲ್ಲಿ ನಾಜೂಕಿನ ವಿಷಯ. ಐಸಿಎಂಜೆಇ ನಾಲ್ಕು ಷರತ್ತು ಹಾಕಿದೆ, ನಾಲ್ಕೂ ಇರಬೇಕು: ಕೆಲಸದ ಯೋಜನೆಯಲ್ಲೋ ಮಾಹಿತಿ ಸಂಗ್ರಹ ವಿಶ್ಲೇಷಣೆಯಲ್ಲೋ ಗಣನೀಯ ಪಾಲು, ಬರೆಯೋದು ಅಥವಾ ತಿದ್ದೋದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಒಟ್ಟು ಕೆಲಸಕ್ಕೆ ಜವಾಬ್ದಾರಿ. ಎಚ್‌ಒಡಿ ಅನ್ನೋ ಕಾರಣಕ್ಕೇ ಹೆಸರು ಹಾಕೋದು, ಗೆಳೆಯನಿಗೆ ಪ್ರಮೋಶನ್‌ಗೆ ಬೇಕು ಅಂತ ಹಾಕೋದು ಎರಡೂ ತಪ್ಪು. ಪಿಜಿ ವಿದ್ಯಾರ್ಥಿ ನೇರವಾಗಿ ಇಲ್ಲ ಅನ್ನೋಕೆ ಕಷ್ಟ, ಅದಕ್ಕೇ ಬರೆಯೋಕೆ ಮುಂಚೆ, ಕೇಸ್ ಶುರುವಾದಾಗಲೇ "ಸರ್, ಡ್ರಾಫ್ಟ್ ನೀವು ತಿದ್ದಿಕೊಡ್ತೀರಲ್ವಾ, ಜರ್ನಲ್‌ನೋರು ಯಾರ ಪಾಲು ಏನು ಅಂತ ಬರೆಯೋಕೆ ಹೇಳ್ತಾರೆ" ಅಂತ ವಿನಯದಿಂದ ಕೇಳಿಟ್ಕೊಳ್ಳಿ. ಮಾತು ಅಲ್ಲೇ ಸ್ಪಷ್ಟ ಆಗತ್ತೆ.

ಕೇಸ್ ರಿಪೋರ್ಟ್ ಅಲ್ಲ, ಡಿಸರ್ಟೇಶನ್‌ನಲ್ಲಿ ಮಾಡಿದ ಟ್ರಯಲ್ ಕಳಿಸ್ತೀನಿ ಅನ್ನೋರಿಗೆ ಬೇರೆ ಬಾಗಿಲು, ಅದು ಮೊದಲೇ ತೆರೆದಿರಬೇಕು. ಎಥಿಕ್ಸ್ ಕಮಿಟಿ ಅನುಮತಿ ಮೊದಲ ರೋಗಿಗೆ ಮುಂಚೆ. ಸಿಟಿಆರ್‌ಐ, ಅಂದ್ರೆ ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ, ಅದರಲ್ಲಿ ನೋಂದಣಿ ಕೂಡ ಮೊದಲ ರೋಗಿಗೆ ಮುಂಚೆ, 2018ರ ಏಪ್ರಿಲ್ 1ರಿಂದ ಟ್ರಯಲ್ ಶುರುವಾದ ಮೇಲೆ ನೋಂದಾಯಿಸೋಕೆ ಅವಕಾಶವೇ ಇಲ್ಲ, ಇದಕ್ಕೆ ಫೀಸೂ ಇಲ್ಲ. ಥೀಸಿಸ್ ಮುಗಿದ ಮೇಲೆ ನೋಂದಣಿ ಸಂಖ್ಯೆ ಹುಡುಕೋಕೆ ಹೊರಟ್ರೆ ಮೂರು ವರ್ಷದ ಶ್ರಮ ಒಳ್ಳೇ ಜರ್ನಲ್‌ಗೆ ಹೋಗೋದೇ ಇಲ್ಲ, ಇದನ್ನ ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಬರೆಯೋ ದಿನವೇ ತಿಳ್ಕೊಂಡಿರಬೇಕು. ವರದಿ ಬರೆಯೋಕೆ ಕನ್ಸಾರ್ಟ್ ಅನ್ನೋ ಟ್ರಯಲ್ ವರದಿಯ ಮಾರ್ಗಸೂಚಿ, ಅದರ ಜೊತೆ ಹೋಮಿಯೋಪತಿಗೆ ಅಂತ 2007ರಲ್ಲಿ ಬಂದ ರೆಡ್‌ಹಾಟ್ ಮಾರ್ಗಸೂಚಿ ಇಟ್ಕೊಳ್ಳಿ.

ಲ್ಯಾಬ್ ಅಥವಾ ಪ್ರಾಣಿಗಳ ಮೇಲಿನ ಅಧ್ಯಯನಕ್ಕೆ ಒಂದು ಎಚ್ಚರಿಕೆಯ ಉದಾಹರಣೆ ಕೊಡ್ತೀನಿ. 2018ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಅನ್ನೋ ದೊಡ್ಡ ಜರ್ನಲ್‌ನಲ್ಲಿ, ಇಲಿಗಳ ನರದ ನೋವಿನ ಮೇಲೆ ರಸ್ ಟಾಕ್ಸ್ ಅನ್ನೋ ಔಷಧಿ ಬಗ್ಗೆ ಭಾರತದ ತಂಡದ್ದೇ ಒಂದು ಪೇಪರ್ ಬಂತು. 2019ರಲ್ಲಿ ಜರ್ನಲ್ ಅದನ್ನ ಹಿಂತೆಗೆದುಕೊಳ್ತು, ಬೇರೆ ಬೇರೆ ಪ್ರಯೋಗದ್ದು ಅಂತ ಹಾಕಿದ ಚಿತ್ರಗಳಲ್ಲಿ ಒಂದೇ ಚಿತ್ರ ಎರಡು ಕಡೆ ಇತ್ತು, ಬಳಸಿದ ಔಷಧಿಯಲ್ಲಿ ಏನೇನು ಎಷ್ಟೆಷ್ಟು ಇತ್ತು ಅನ್ನೋದೂ ಗೊತ್ತಿರಲಿಲ್ಲ ಅನ್ನೋದು ಕಾರಣಗಳಲ್ಲಿ ಸೇರಿತ್ತು. ನೋಡಿ, ಮತ್ತೆ ಅದೇ ಔಷಧಿಯ ಪೂರ್ತಿ ವಿವರ, ಅದೇ ಫೋಟೋಗೆ ಹೆಸರು ತಾರೀಖು ಹಾಕಿ ಇಡೋ ಶಿಸ್ತು. 12ಸಿ ದಾಟಿದ ಮೇಲೆ ಮೂಲದ್ರವ್ಯದ ಒಂದು ಅಣು ಕೂಡ ಉಳಿದಿರೋ ಸಾಧ್ಯತೆ ಇಲ್ಲದಷ್ಟು ಕಮ್ಮಿ, ಆದ್ರಿಂದ ಇಂಥ ಪ್ರಯೋಗದಲ್ಲಿ ಬರೀ ನೀರನ್ನ ಕಂಟ್ರೋಲ್ ಆಗಿ, ಅಂದ್ರೆ ಹೋಲಿಕೆಗೆ, ಇಟ್ರೆ ಸಾಲದು, ಅದೇ ಆಲ್ಕೋಹಾಲನ್ನ ಅಷ್ಟೇ ಸಲ ಕುಲುಕಿ ತೆಳು ಮಾಡಿದ ಕಂಟ್ರೋಲ್ ಇಡಿ, ರಿವ್ಯೂವರ್ ಕೇಳೇ ಕೇಳ್ತಾರೆ.

ರೆಫರೆನ್ಸ್‌ಗಳನ್ನ ವ್ಯಾಂಕೂವರ್ ಪದ್ಧತಿಯಲ್ಲಿ, ಬರಹದಲ್ಲಿ ಬಂದ ಕ್ರಮಕ್ಕೆ ನಂಬರ್ ಹಾಕಿ ಕೊಡೋದು ವೈದ್ಯಕೀಯ ಜರ್ನಲ್‌ಗಳಲ್ಲಿ ರೂಢಿ, ಝೊಟೆರೋ ಅನ್ನೋ ಫ್ರೀ ಸಾಫ್ಟ್‌ವೇರ್ ಕಲಿತ್ರೆ ಒಂದು ದಿನದಲ್ಲಿ ಈ ತಲೆನೋವು ಮುಗಿಯತ್ತೆ. ಓದದೇ ಇರೋದನ್ನ ಉಲ್ಲೇಖಿಸಬೇಡಿ. ಎಐ ಹತ್ರ ರೆಫರೆನ್ಸ್ ಕೇಳಿದ್ರೆ ಇಲ್ಲದ ಪೇಪರ್‌ಗಳನ್ನೂ ಇರೋ ಥರ ಕೊಡತ್ತೆ, ಪ್ರತಿ ಡಿಒಐ (ಲೇಖನದ ಶಾಶ್ವತ ಆನ್‌ಲೈನ್ ಗುರುತು) ತೆರೆದು ನೋಡಿ. ಇಂಗ್ಲಿಷ್ ತಿದ್ದೋಕೆ ಎಐ ಬಳಸಿದ್ರೆ ಅದನ್ನ ಹೇಳಿ, ಅದನ್ನ ಲೇಖಕ ಅಂತ ಹಾಕೋಕಾಗಲ್ಲ ಅಂತ ಐಸಿಎಂಜೆಇ 2023ರಲ್ಲೇ ಹೇಳಿದೆ. ಮೆಟೀರಿಯಾ ಮೆಡಿಕಾ, ಅಂದ್ರೆ ಯಾವ ಔಷಧಿಗೆ ಯಾವ ಲಕ್ಷಣ ಅಂತ ವಿವರಿಸೋ ಪುಸ್ತಕದ ಸಾಲುಗಳನ್ನ ಹಾಗೇ ಇಳಿಸಿದ್ರೆ ಸಾಫ್ಟ್‌ವೇರ್ ಅದನ್ನ ಕಾಪಿ ಅಂತಲೇ ತೋರ್ಸತ್ತೆ, ಆ ಲಕ್ಷಣ ನಿಮ್ಮ ರೋಗಿಯಲ್ಲಿ ಹೇಗೆ ಕಾಣಿಸ್ತು ಅಂತ ನಿಮ್ಮ ಮಾತಲ್ಲಿ ಬರೀರಿ.

ಕಳಿಸುವಾಗ ಟೈಟಲ್ ಪೇಜ್ ಬೇರೆ ಫೈಲ್, ಲೇಖನ ಬೇರೆ ಫೈಲ್. ಹೆಸರು, ಕಾಲೇಜು, ಓರ್ಕಿಡ್ ಐಡಿ (ಸಂಶೋಧಕರ ಗುರುತಿನ ಸಂಖ್ಯೆ), ಹಣಕಾಸು ನೆರವು, ಹಿತಾಸಕ್ತಿ ಸಂಘರ್ಷ, ಕೃತಜ್ಞತೆ ಎಲ್ಲ ಮೊದಲನೇದರಲ್ಲಿ. ಎರಡನೇದನ್ನ ರಿವ್ಯೂವರ್‌ಗೆ ಹೆಸರಿಲ್ಲದೆ ಕಳಿಸ್ತಾರೆ, ಅದಕ್ಕೆ "ಬೆಳಗಾವಿಯ ನಮ್ಮ ಕಾಲೇಜಿನ ಓಪಿಡಿಯಲ್ಲಿ" ಅನ್ನೋದು ಒಳಗೆ ಉಳಿಯಬಾರದು, ಫೈಲ್ ಹೆಸರಲ್ಲಿ, ವರ್ಡ್ ಪ್ರಾಪರ್ಟೀಸ್‌ನಲ್ಲಿ ನಿಮ್ಮ ಹೆಸರು ಇರಬಾರದು. ಟೇಬಲ್‌ಗಳನ್ನ ಚಿತ್ರವಾಗಿ ಅಂಟಿಸದೆ ವರ್ಡ್‌ನಲ್ಲೇ ಮಾಡಿ. ಕವರ್ ಲೆಟರ್ ಅರ್ಧ ಪುಟ ಸಾಕು, ಇದರಲ್ಲಿ ಹೊಸದೇನು, ಬೇರೆಲ್ಲೂ ಕಳಿಸಿಲ್ಲ ಅನ್ನೋದು ಇರಲಿ. ಏಕಕಾಲಕ್ಕೆ ಎರಡು ಜರ್ನಲ್‌ಗೆ ಕಳಿಸೋದು ನಿಷಿದ್ಧ, ಒಂದರಿಂದ ಉತ್ತರ ಬರೋವರೆಗೂ ಕಾಯಲೇಬೇಕು, ತೀರ ತಡ ಆದ್ರೆ ಬರೆದು ಹಿಂತೆಗೆದುಕೊಂಡು ಆಮೇಲೆ ಬೇರೆ ಕಡೆ.

ಮೇಜರ್ ರಿವಿಶನ್, ಅಂದ್ರೆ ತುಂಬಾ ತಿದ್ದಿ ಮತ್ತೆ ಕಳಿಸಿ, ಅಂತ ಬಂದ್ರೆ ಎದೆಗುಂದಬೇಡಿ, ಅದು ಬಾಗಿಲು ಮುಚ್ಚಿಲ್ಲ ಅನ್ನೋ ಸುದ್ದಿ. ರಿವ್ಯೂವರ್ ಹೇಳಿದ ಪ್ರತಿ ಅಂಶವನ್ನೂ ಕಾಪಿ ಮಾಡಿ ಕೆಳಗೆ ನಿಮ್ಮ ಉತ್ತರ, ಯಾವ ಪುಟ ಯಾವ ಸಾಲಿನಲ್ಲಿ ಬದಲಾಯಿಸಿದ್ರಿ ಅನ್ನೋದು. "ಸರಿಪಡಿಸಲಾಗಿದೆ" ಅಂತ ಒಂದೇ ಪದ ಬರೆದ್ರೆ ಅವರು ಮತ್ತೆ ಎಲ್ಲ ಹುಡುಕಬೇಕು. ಒಪ್ಪದೇ ಇದ್ರೆ ಒಪ್ಪಲ್ಲ ಅನ್ನಬಹುದು, ಕಾರಣ ಕೊಡಿ, ಆಧಾರ ಕೊಡಿ. "ಎರಡನೇ ಡೋಸ್ ಯಾಕೆ ಕೊಡಲಿಲ್ಲ" ಅಂತ ಕೇಳಿದ್ರೆ ಸುಧಾರಣೆ ಮುಂದುವರೀತಿತ್ತು, 4ನೇ ವಾರದ ಅಳತೆ ಟೇಬಲ್ 2ರಲ್ಲಿದೆ ಅಂತ ಹೇಳಿದ್ರೆ ಸಾಕು, ಹಾನೆಮನ್ ಬರೆದ ಮೂಲಗ್ರಂಥ ಆರ್ಗನಾನ್‌ನ ಸೂತ್ರ ಹೇಳಿ ಪಾಠ ಮಾಡೋದು ಬೇಡ. ಮಾಹಿತಿ ನಿಮ್ಮ ಹತ್ರ ಇಲ್ಲ ಅಂದ್ರೆ ಇಲ್ಲ ಅಂತಲೇ ಬರೆದು ಮಿತಿಗಳ ಭಾಗದಲ್ಲಿ ಸೇರಿಸಿ. ಹಳೇ ತಾರೀಖಿಗೆ ಹೊಸ ಅಳತೆ ಸೃಷ್ಟಿ ಮಾಡೋ ಯೋಚನೆ ಕೂಡ ಬರಬಾರದು.

ಸ್ವೀಕಾರ ಆದ ಮೇಲೆ ಪ್ರೂಫ್ (ಅಚ್ಚಿಗೆ ಮುಂಚಿನ ಪರಿಶೀಲನಾ ಪ್ರತಿ) ಬರತ್ತೆ, ಸಾಮಾನ್ಯವಾಗಿ ಎರಡು ಮೂರು ದಿನದ ಗಡುವು. ಖುಷಿಯಲ್ಲಿ ಒಂದು ಸಲ ಕಣ್ಣಾಡಿಸಿ ಓಕೆ ಮಾಡ್ಬೇಡಿ. ಟೈಪ್‌ಸೆಟ್ ಮಾಡೋರಿಗೆ 30ಸಿ ಮತ್ತು 30ಎಕ್ಸ್ ಎರಡೂ ಒಂದೇ, ಔಷಧಿಯ ಲ್ಯಾಟಿನ್ ಹೆಸರಲ್ಲಿ ಒಂದಕ್ಷರ ಬಿದ್ರೂ ಅವರಿಗೆ ಗೊತ್ತಾಗಲ್ಲ, ಫೋಟೋಗಳು ಅದಲು ಬದಲಾಗಿ ಆಮೇಲಿನದು ಮೊದಲಿಗೆ ಬಂದಿರತ್ತೆ. ಪಕ್ಕದಲ್ಲಿ ಮೂಲ ಕೇಸ್ ಶೀಟ್ ಇಟ್ಕೊಂಡು, ಇನ್ನೊಬ್ಬರ ಕೈಲಿ ಜೋರಾಗಿ ಓದಿಸ್ತಾ, ಪ್ರತಿ ಪೊಟೆನ್ಸಿ, ಪ್ರತಿ ತಾರೀಖು, ಪ್ರತಿ ಮಿಲಿಮೀಟರ್ ಟಿಕ್ ಮಾಡಿ ಕಳಿಸಿ.